ಖಿನ್ನತೆಗೆ ಅಂಕವಿಡುವ ಬಗೆ: ಹ್ಯಾಮಿಲ್ಟನ್ ಮಾಪಕದ ಆಕರವಿಮರ್ಶೆ

೧

ಮೈಯ ಕಾವನ್ನು ಉಷ್ಣಮಾಪಕದಿಂದ ಅಳೆಯುವುದು ಇಂದು ಮನೆಮನೆಗೂ ಪರಿಚಿತವಾದ ಕ್ರಿಯೆ. ಜರ್ಮನಿಯ ವೈದ್ಯ ವುಂಡರ್ಲಿಷ್ ಅವರು ೧೮೬೮ರಲ್ಲಿ ರೋಗಿಗಳ ದೇಹೋಷ್ಣವನ್ನು ಕುರಿತ ತಮ್ಮ ಗ್ರಂಥವನ್ನು ಹೊರತಂದ ಮೇಲೆ, ಜ್ವರದ ಏರಿಳಿತವನ್ನು ತಿಳಿಯಲು ರೋಗಿಯ ಮಾತನ್ನಾಗಲಿ ವೈದ್ಯನ ಅಂಗೈಯನ್ನಾಗಲಿ ನೆಚ್ಚಬೇಕಾದ ಅಗತ್ಯ ಕ್ರಮೇಣ ತಪ್ಪಿತು. ಮನಸ್ಸಿನ ಬೇನೆಗಳ ವಿಷಯದಲ್ಲಿ ಇಂಥ ಉಪಕರಣ ಇದುವರೆಗೂ ದೊರೆತಿಲ್ಲ. ಆದರೂ ಖಿನ್ನತೆಯೆಂಬ ರೋಗದ ತೀವ್ರತೆಯನ್ನು ಅಂಕಗಳಲ್ಲಿ ಹೇಳುವ ವಾಡಿಕೆ ಅರವತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿದೆ. ಒಬ್ಬ ರೋಗಿಗೆ ೨೪ ಅಂಕ, ಮತ್ತೊಬ್ಬನಿಗೆ ೧೪. ಔಷಧಿಗೆ ಮೊದಲು ಇಷ್ಟು, ಆರು ವಾರಗಳ ತರುವಾಯ ಇಷ್ಟು. ಈ ಅಂಕಗಳನ್ನು ಆಧರಿಸಿ ಔಷಧಿಗಳು ಮಾರುಕಟ್ಟೆಗೆ ಬರುತ್ತವೆ, ಚಿಕಿತ್ಸೆಗಳು ಮುಂದುವರಿಯುತ್ತವೆ ಇಲ್ಲವೆ ನಿಲ್ಲುತ್ತವೆ.

ಈ ಅಂಕವು ಯಾವ ಬಗೆಯ ವಸ್ತುವೆಂಬ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಹೊರಟಿದ್ದೇವೆ. ನಾವು ವೈದ್ಯರಲ್ಲ, ಯಾವ ಔಷಧಿ ಒಳ್ಳೆಯದು, ಯಾವ ಚಿಕಿತ್ಸೆ ತಕ್ಕದ್ದು ಎಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಅಂಕವೂ ಒಂದು ಲಿಖಿತ ಆಕರ. ಆಕರಗಳನ್ನು ಪರೀಕ್ಷಿಸುವುದು ಚರಿತ್ರೆಯ ಅಭ್ಯಾಸಿಗಳ ಕಸುಬು. ಮೆಕೆಂಜಿ ಸಂಗ್ರಹದ ಕೈಫಿಯತ್ತೊಂದನ್ನು ಓದುವಾಗ ಅದರಲ್ಲಿ ಹೇಳಿರುವುದನ್ನಷ್ಟೇ ನೋಡಿ ನಾವು ತೃಪ್ತರಾಗುವುದಿಲ್ಲ. ಕೇಳಿದವರು ಯಾರು, ಯಾವ ಉದ್ದೇಶದಿಂದ ಕೇಳಿದರು, ಹೇಳಿದವನು ಆ ಪ್ರಶ್ನೆಯನ್ನು ಹೇಗೆ ಅರ್ಥಮಾಡಿಕೊಂಡನು, ಬರೆದುಕೊಂಡವನು ಯಾವುದನ್ನು ಬಿಟ್ಟನು ಎಂದು ವಿಚಾರಿಸುತ್ತೇವೆ. ಖಿನ್ನತೆಯ ಅಂಕಕ್ಕೂ ಈ ನಾಲ್ಕು ಪ್ರಶ್ನೆಗಳನ್ನು ಹಾಕಬೇಕೆಂಬುದೇ ನಮ್ಮ ವಾದ. ಹಾಗೆ ಹಾಕಿ ನೋಡಿದಲ್ಲಿ ಅಂಕವು ಇಬ್ಬರ ನಡುವೆ ನಡೆದ ಸಂಭಾಷಣೆಯೊಂದರ ಅತ್ಯಂತ ಸಂಕ್ಷಿಪ್ತವಾದ ದಾಖಲೆಯೆಂದು ತೋರುವುದು. ದಾಖಲೆಗೆ ಸಲ್ಲುವ ಗೌರವವೂ ದಾಖಲೆಗೆ ಸಲ್ಲಬೇಕಾದ ಸಂಶಯವೂ ಅದಕ್ಕೆ ಸಲ್ಲಬೇಕು.

ಇಂಥ ಮಾಪಕಗಳು ಹಲವಿವೆ. ಅವುಗಳಲ್ಲಿ ಬಹುಕಾಲ ಮಿಕ್ಕವುಗಳಿಗೆಲ್ಲ ಒರೆಗಲ್ಲಾಗಿ ನಿಂತದ್ದು ಮ್ಯಾಕ್ಸ್ ಹ್ಯಾಮಿಲ್ಟನ್ನರು ೧೯೬೦ರಲ್ಲಿ ಪ್ರಕಟಿಸಿದ ಮಾಪಕ. ಆದಕಾರಣ ಅದನ್ನೇ ಮುಖ್ಯವಾಗಿ ಪರಿಶೀಲನೆಗೆ ತೆಗೆದುಕೊಂಡಿದ್ದೇವೆ.

೨

ಮೊದಲು ಮಾಪಕದ ಹುಟ್ಟಿನ ಸಂದರ್ಭವನ್ನು ನೋಡೋಣ. ೧೯೫೭ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂನ್‌ಸ್ಟರ್ಲಿಂಗೆನ್ ಆಸ್ಪತ್ರೆಯ ರೋಲಾಂಡ್ ಕೂನರು ಇಮಿಪ್ರಮೀನ್ ಎಂಬ ದ್ರವ್ಯವು ಖಿನ್ನತೆಯನ್ನು ಶಮನಗೊಳಿಸುವುದೆಂದು ವರದಿ ಮಾಡಿದರು. ಕೂನರು ಯಾವ ಮಾಪಕವನ್ನೂ ಬಳಸಲಿಲ್ಲ. ರೋಗಿಗಳೊಡನೆ ಮಾತನಾಡಿ, ಅವರ ನಡೆನುಡಿಗಳಲ್ಲಾದ ಬದಲಾವಣೆಯನ್ನು ಸೂಕ್ಷ್ಮವಾಗಿ ಗಮನಿಸಿ ತಮ್ಮ ತೀರ್ಮಾನಕ್ಕೆ ಬಂದರು. ಅಂಕಗಳ ಗೊಡವೆಯಿಲ್ಲದ ಆ ಕಾಲವೇ ಮೇಲಾಗಿತ್ತೆಂದು ಇದರಿಂದ ಕೆಲವರಿಗೆ ತೋರಬಹುದು. ಹಾಗೆ ಭಾವಿಸುವುದು ಸಲ್ಲದು. ಅದೇ ಆಸ್ಪತ್ರೆಯಲ್ಲಿ, ಇನ್ನೂ ಮಾರುಕಟ್ಟೆಗೆ ಬಾರದಿದ್ದ ದ್ರವ್ಯಗಳನ್ನು ದಶಕಗಳ ಕಾಲ ರೋಗಿಗಳ ಮೇಲೆ ಪ್ರಯೋಗಿಸಲಾಗಿತ್ತೆಂಬುದನ್ನು ೨೦೧೯ರಲ್ಲಿ ಪ್ರಕಟವಾದ ಚಾರಿತ್ರಿಕ ಸಂಶೋಧನೆಯೊಂದು ಕಡತಗಳ ಆಧಾರದಿಂದ ತೋರಿಸಿಕೊಟ್ಟಿದೆ. ಒಬ್ಬನೇ ವೈದ್ಯನು ಸಾಕ್ಷಿಯೂ ನ್ಯಾಯಾಧೀಶನೂ ಆದಲ್ಲಿ ಅವನ ಮಾತನ್ನು ಪರೀಕ್ಷಿಸುವ ದಾರಿ ಇತರರಿಗೆ ಉಳಿಯುವುದಿಲ್ಲ. ಇಬ್ಬರು ವೈದ್ಯರು ಒಬ್ಬನೇ ರೋಗಿಯನ್ನು ನೋಡಿ ತಾವು ಕಂಡುದನ್ನು ಹೋಲಿಸಿಕೊಳ್ಳಲು ಸಾಧ್ಯವಾಗಬೇಕೆಂಬ ಅಪೇಕ್ಷೆ ನ್ಯಾಯವಾದುದೇ; ಮಾಪಕವು ಆ ಅಪೇಕ್ಷೆಯ ಫಲ.

ಇದಕ್ಕೆ ಎರಡನೆಯ ಕಾರಣವೊಂದು ಬೇಗನೆ ಬಂದು ಸೇರಿತು. ಥಾಲಿಡೊಮೈಡ್ ದುರಂತದ ಹಿನ್ನೆಲೆಯಲ್ಲಿ ಅಮೆರಿಕದ ಶಾಸನಸಭೆಯು ೧೯೬೨ರಲ್ಲಿ ಕೆಫಾವರ್–ಹ್ಯಾರಿಸ್ ತಿದ್ದುಪಡಿಯನ್ನು ಅಂಗೀಕರಿಸಿತು. ಔಷಧಿಯು ಅಪಾಯಕರವಲ್ಲವೆಂದು ತೋರಿಸಿದರೆ ಸಾಲದು, ಅದು ಗುಣಕಾರಿಯೆಂಬುದನ್ನೂ ವ್ಯವಸ್ಥಿತ ಪ್ರಯೋಗಗಳಿಂದ ತಯಾರಕರು ಸಿದ್ಧಪಡಿಸಬೇಕೆಂದು ಅದು ವಿಧಿಸಿತು. ಖಿನ್ನತೆಯಲ್ಲಿ ಗುಣವೆಂಬುದನ್ನು ಸಿದ್ಧಪಡಿಸುವುದು ಹೇಗೆ? ಎರಡು ಗುಂಪುಗಳ ಸರಾಸರಿಯನ್ನು ಹೋಲಿಸಬೇಕಾದರೆ ಸಂಖ್ಯೆ ಬೇಕು. ಸಂಖ್ಯೆ ಕೊಡುವ ಮಾಪಕವೊಂದು ಎರಡು ವರ್ಷ ಮೊದಲೇ ಇಂಗ್ಲೆಂಡಿನಲ್ಲಿ ಸಿದ್ಧವಾಗಿತ್ತು. ಆಸ್ಪತ್ರೆಯ ಕೊಠಡಿಯಲ್ಲಿ ಹುಟ್ಟಿದ ಪಟ್ಟಿಯು ಪರವಾನಗಿಯ ಕಚೇರಿಗೆ ತಲುಪಿದ್ದು ಹೀಗೆ. ಯಾವುದಾದರೊಂದು ದಸ್ತಾವೇಜು ತಾನು ಹುಟ್ಟಿದ ಕಚೇರಿಯಿಂದ ಬೇರೊಂದು ಕಚೇರಿಗೆ ಹೋದಾಗ ಅದರ ಅರ್ಥವೂ ಪಲ್ಲಟಗೊಳ್ಳುವುದೆಂಬುದು ಚರಿತ್ರೆಯ ವಿದ್ಯಾರ್ಥಿಗಳಿಗೆ ಹೊಸ ಮಾತಲ್ಲ.

೩

ಹ್ಯಾಮಿಲ್ಟನ್ನರು ಲೀಡ್ಸ್ ವಿಶ್ವವಿದ್ಯಾನಿಲಯದ ಮನೋವೈದ್ಯ ವಿಭಾಗದಲ್ಲಿದ್ದವರು. ಅವರ ಪಟ್ಟಿಯಲ್ಲಿ ಅಂಕಕ್ಕೆ ಸೇರುವ ಬಾಬುಗಳು ೧೭: ಕುಗ್ಗಿದ ಮನಸ್ಸು, ತಪ್ಪಿತಸ್ಥ ಭಾವನೆ, ಆತ್ಮಹತ್ಯೆಯ ಯೋಚನೆ, ಮೂರು ಬಗೆಯ ನಿದ್ರಾಭಂಗ, ಕೆಲಸದಲ್ಲಿ ನಿರಾಸಕ್ತಿ, ನಡೆನುಡಿಯಲ್ಲಿ ಮಂದಗತಿ, ಚಡಪಡಿಕೆ, ಮನಸ್ಸಿನ ಆತಂಕ, ದೇಹದಲ್ಲಿ ತೋರುವ ಆತಂಕ, ಜೀರ್ಣಾಂಗದ ತೊಂದರೆ, ಸಾಮಾನ್ಯ ಆಯಾಸ, ಕಾಮಾಸಕ್ತಿಯ ಇಳಿತ, ರೋಗಭೀತಿ, ತೂಕದ ಇಳಿತ ಮತ್ತು ತನ್ನ ರೋಗದ ಅರಿವು. ಕೆಲವಕ್ಕೆ ಸೊನ್ನೆಯಿಂದ ೪ರವರೆಗೆ, ಕೆಲವಕ್ಕೆ ಸೊನ್ನೆಯಿಂದ ೨ರವರೆಗೆ ಅಂಕ. ಇಂದು ರೂಢಿಯಲ್ಲಿರುವ ರೂಪದಲ್ಲಿ ಗರಿಷ್ಠ ಮೊತ್ತ ೫೨.

ಮೂಲಲೇಖನವನ್ನು ಓದಿದವರಿಗೆ ಅದರಲ್ಲಿ ಎದ್ದುಕಾಣುವುದು ಲೇಖಕರ ಎಚ್ಚರಿಕೆ. ಅವರು ತಮ್ಮ ಮಾಪಕಕ್ಕೆ ತಾವೇ ಎಲ್ಲೆಗಳನ್ನು ಹಾಕಿದ್ದಾರೆ. ಮೊದಲನೆಯದಾಗಿ, ಖಿನ್ನತೆಯೆಂದು ಈಗಾಗಲೇ ನಿದಾನವಾದ ರೋಗಿಗಳಿಗೆ ಮಾತ್ರ ಇದು ಅನ್ವಯಿಸುವುದು. ರೋಗವಿದೆಯೋ ಇಲ್ಲವೋ ಎಂದು ಕಂಡುಹಿಡಿಯುವ ಸಾಧನ ಇದಲ್ಲ. ಎರಡನೆಯದಾಗಿ, ಇದರ ಬೆಲೆಯೆಲ್ಲ ಪ್ರಶ್ನಿಸುವವನ ಕೌಶಲವನ್ನು ಅವಲಂಬಿಸಿದೆ. ಮೂರನೆಯದಾಗಿ, ಒಂದೇ ಸಂದರ್ಶನದಲ್ಲಿ ಇಬ್ಬರು ವೈದ್ಯರು ಪ್ರತ್ಯೇಕವಾಗಿ ಅಂಕವಿಟ್ಟು ಆ ಎರಡನ್ನೂ ಕೂಡಿಸಬೇಕು. ನಾಲ್ಕನೆಯದಾಗಿ, ದಿನದ ಹೊತ್ತಿಗನುಸಾರ ಬದಲಾಗುವ ಬೇಗೆಯೇ ಮೊದಲಾದ ಇನ್ನು ನಾಲ್ಕು ಬಾಬುಗಳನ್ನು ಅವರು ಪಟ್ಟಿಯಲ್ಲಿ ಗುರುತಿಸಿದರೂ ಮೊತ್ತಕ್ಕೆ ಸೇರಿಸಲಿಲ್ಲ: ಬೇಗೆಯ ಹೊತ್ತು ರೋಗದ ಬಗೆಯನ್ನು ಸೂಚಿಸುವುದೇ ಹೊರತು ಅದರ ಪ್ರಮಾಣವನ್ನಲ್ಲ, ಮಿಕ್ಕವು ತೀರ ಅಪರೂಪ ಎಂಬುದು ಅವರ ಕಾರಣ. ಇವೆಲ್ಲದರೊಡನೆ, ಆ ಲೇಖನದ ಗಣಿತಕ್ಕೆ ಆಧಾರವಾದವರು ೪೯ ಮಂದಿ ಗಂಡಸರು ಎಂಬುದನ್ನೂ ಅವರು ಮರೆಮಾಡಿಲ್ಲ.

ಈ ಎಲ್ಲೆಗಳು ಮುಂದೆ ಒಂದೊಂದಾಗಿ ಸಡಿಲಗೊಂಡುವು. ಇಬ್ಬರು ಪರೀಕ್ಷಕರ ಬದಲು ಒಬ್ಬರೇ ಸಾಕೆಂದಾಯಿತು. ಕೈಬಿಟ್ಟಿದ್ದ ನಾಲ್ಕು ಬಾಬುಗಳನ್ನೂ ಮೊತ್ತಕ್ಕೆ ಸೇರಿಸಿದ ೨೧ ಬಾಬುಗಳ ರೂಪ ಬಳಕೆಗೆ ಬಂದಿತು. ಗಂಡಸರ ಅಂಕಗಳಿಂದ ಕಟ್ಟಿದ್ದನ್ನು ಹೆಂಗಸರಿಗೂ, ಆಸ್ಪತ್ರೆಯಲ್ಲಿದ್ದವರಿಗೆ ಹೊಂದಿಸಿದ್ದನ್ನು ಹೊರಗಿನವರಿಗೂ ಅನ್ವಯಿಸಲಾಯಿತು. ಹ್ಯಾಮಿಲ್ಟನ್ನರು ೧೯೬೭ರಲ್ಲಿ ಸ್ತ್ರೀಯರನ್ನೂ ಒಳಗೊಂಡ ಇನ್ನೊಂದು ಲೇಖನವನ್ನು ಪ್ರಕಟಿಸಿ ಮಾಪಕವನ್ನು ವಿಸ್ತರಿಸಿ ವಿವರಿಸಿದರೆಂಬುದು ನಿಜ. ಆದರೆ ಎಲ್ಲೆಗಳನ್ನು ಮೀರಿದವರಲ್ಲಿ ಹೆಚ್ಚಿನವರು ಅವರಲ್ಲ, ಅವರ ಅನುಯಾಯಿಗಳು.

೪

ಈಗ ಮೊತ್ತದ ವಿಚಾರ. ಬಾಬುಗಳನ್ನು ಕೂಡಿಸಿದಾಗ ಒಂದು ಬಾಬಿನ ಒಂದು ಅಂಕವು ಇನ್ನೊಂದು ಬಾಬಿನ ಒಂದು ಅಂಕಕ್ಕೆ ಸಮವೆಂದು ಒಪ್ಪಿಕೊಂಡಂತಾಗುತ್ತದೆ. ಇದು ಎಷ್ಟರ ಮಟ್ಟಿಗೆ ಸರಿಯೆಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಕೊಡಬಹುದು. ಒಬ್ಬ ರೋಗಿಗೆ ಕುಗ್ಗಿದ ಮನಸ್ಸಿಗೆ ೪, ತಪ್ಪಿತಸ್ಥ ಭಾವನೆಗೆ ೩, ಆತ್ಮಹತ್ಯೆಯ ಯೋಚನೆಗೆ ೩, ಕೆಲಸದ ನಿರಾಸಕ್ತಿಗೆ ೪ ಅಂಕ ದೊರೆಯಿತೆನ್ನೋಣ: ಒಟ್ಟು ೧೪. ಇನ್ನೊಬ್ಬನಿಗೆ ಮೂರು ಬಗೆಯ ನಿದ್ರಾಭಂಗಕ್ಕೆ ೬, ಜೀರ್ಣಾಂಗದ ತೊಂದರೆಗೆ ೨, ತೂಕದ ಇಳಿತಕ್ಕೆ ೨, ಆಯಾಸಕ್ಕೆ ೨, ದೇಹದ ಆತಂಕಕ್ಕೆ ೨: ಅದೂ ೧೪. ಲೆಕ್ಕದ ಪುಸ್ತಕದಲ್ಲಿ ಇಬ್ಬರೂ ಸಮಾನ. ಆದರೆ ಮೊದಲನೆಯವನನ್ನು ಆ ರಾತ್ರಿ ಒಬ್ಬಂಟಿಯಾಗಿ ಬಿಡುವುದು ಅಪಾಯ; ಎರಡನೆಯವನ ಸಂಗತಿ ಹಾಗಲ್ಲ. ಇವರನ್ನು ಬೇರ್ಪಡಿಸುವ ವಿವರಗಳು ಬಾಬುಗಳಲ್ಲಿ ಇದ್ದುವು, ಕೂಡಿಸುವಾಗ ಅಳಿದುಹೋದುವು.

ನಿದ್ರೆಗೆ ಮೂರು ಬಾಬುಗಳಿಂದ ೬ ಅಂಕ, ಕುಗ್ಗಿದ ಮನಸ್ಸಿಗೆ ೪ ಮಾತ್ರ ಎಂಬುದೂ ಗಮನಾರ್ಹ. ಬರಿಯ ನಿದ್ರೆ ತರಿಸುವ ಔಷಧಿಯೊಂದು, ದುಃಖವನ್ನು ಮುಟ್ಟದೆಯೇ ಮೊತ್ತವನ್ನು ಇಳಿಸಬಲ್ಲುದು. ಇದಕ್ಕೆ ವಿಪರ್ಯಯವಾಗಿ, ಮನಸ್ಸನ್ನು ಹಗುರಗೊಳಿಸಿದರೂ ಹೊಟ್ಟೆಯನ್ನು ಕೆಡಿಸುವ, ಕಾಮಾಸಕ್ತಿಯನ್ನು ಕುಗ್ಗಿಸುವ ಔಷಧಿಯು ತನ್ನ ದುಷ್ಪರಿಣಾಮಗಳಿಂದಲೇ ಮೊತ್ತವನ್ನು ಏರಿಸಬಹುದು. ಅತಿನಿದ್ರೆಗೆ, ಹೆಚ್ಚಿದ ಹಸಿವಿಗೆ ಈ ಪಟ್ಟಿಯಲ್ಲಿ ಸ್ಥಾನವೇ ಇಲ್ಲ.

ಬೇರೆ ಮಾಪಕಗಳಿಗೆ ಹೋದರೆ ಈ ತೊಡಕು ಬಗೆಹರಿಯುವುದೆ? ಏರನ್ ಬೆಕ್ಕರು ೧೯೬೧ರಲ್ಲಿ ಪ್ರಕಟಿಸಿದ ೨೧ ಬಾಬುಗಳ ಪಟ್ಟಿಯಲ್ಲಿ ರೋಗಿಯೇ ಉತ್ತರಗಳನ್ನು ಗುರುತಿಸಬೇಕು. ಅಲ್ಲಿ ತನ್ನನ್ನು ತಾನು ಹಳಿದುಕೊಳ್ಳುವ ಯೋಚನೆಗಳಿಗೆ ಹೆಚ್ಚು ತೂಕ. ಮಾಂಟ್‌ಗೊಮರಿ ಮತ್ತು ಓಸ್ಬೆರಿ ಅವರು ೧೯೭೯ರಲ್ಲಿ ರಚಿಸಿದ ೧೦ ಬಾಬುಗಳ ಮಾಪಕವನ್ನು ಚಿಕಿತ್ಸೆಯಿಂದಾಗುವ ಬದಲಾವಣೆ ಎದ್ದುತೋರುವಂತೆ ಉದ್ದೇಶಪೂರ್ವಕವಾಗಿಯೇ ಆಯ್ದು ಜೋಡಿಸಲಾಯಿತು. ಐಕೊ ಫ್ರೀಡರು ೨೦೧೭ರಲ್ಲಿ ಇಂಥ ಏಳು ಮಾಪಕಗಳನ್ನು ಹೋಲಿಸಿದಾಗ ಅವುಗಳಲ್ಲಿ ಒಟ್ಟು ೫೨ ಬೇರೆ ಬೇರೆ ಲಕ್ಷಣಗಳು ದೊರೆತುವು. ಅವುಗಳಲ್ಲಿ ನೂರಕ್ಕೆ ೪೦ರಷ್ಟು ಯಾವುದೋ ಒಂದೇ ಮಾಪಕದಲ್ಲಿ ಕಾಣಿಸಿಕೊಂಡರೆ, ಏಳರಲ್ಲಿಯೂ ಕಾಣಿಸಿಕೊಂಡುವು ನೂರಕ್ಕೆ ೧೨ ಮಾತ್ರ. ಏಳು ಪಟ್ಟಿಗಳೂ ಖಿನ್ನತೆಯೆಂಬ ಒಂದೇ ಹೆಸರನ್ನು ಹೊತ್ತಿವೆ. ಆದರೆ ಅವು ಅಳೆಯುವುದು ಒಂದೇ ವಸ್ತುವನ್ನೆಂದು ಹೇಳಲು ಈ ಲೆಕ್ಕ ಅವಕಾಶಕೊಡುವುದಿಲ್ಲ.

೫

ಇದು ಪಂಡಿತರ ಚರ್ಚೆಯಷ್ಟೇ ಆಗಿದ್ದರೆ ಇಷ್ಟು ವಿಸ್ತರಿಸಬೇಕಾಗಿರಲಿಲ್ಲ. ಔಷಧಿಗಳು ಕೆಲಸಮಾಡುತ್ತವೆಯೇ ಇಲ್ಲವೇ ಎಂಬ, ಕೋಟ್ಯಂತರ ಜನರಿಗೆ ಸಂಬಂಧಿಸಿದ ಪ್ರಶ್ನೆಯ ಉತ್ತರ ಈ ಕೂಡಿಕೆಯನ್ನು ಆಶ್ರಯಿಸಿದೆ. ಬ್ರಿಟನ್ನಿನಲ್ಲಿ ಚಿಕಿತ್ಸಾಕ್ರಮಗಳನ್ನು ಸೂಚಿಸುವ ನೈಸ್ ಸಂಸ್ಥೆಯು ೨೦೦೪ರಲ್ಲಿ, ಔಷಧಿಗೂ ಹುಸಿಮದ್ದಿಗೂ ನಡುವೆ ಹ್ಯಾಮಿಲ್ಟನ್ ಮಾಪಕದಲ್ಲಿ ಕನಿಷ್ಠ ೩ ಅಂಕಗಳ ಅಂತರವಿದ್ದರೆ ಅದನ್ನು ಚಿಕಿತ್ಸೆಯ ದೃಷ್ಟಿಯಿಂದ ಮಹತ್ತ್ವದ್ದೆಂದು ಎಣಿಸಿತು. ಅರ್ವಿಂಗ್ ಕರ್ಷ್ ಮತ್ತು ಅವರ ಸಂಗಡಿಗರು, ಅಮೆರಿಕದ ಔಷಧ ನಿಯಂತ್ರಣ ಇಲಾಖೆಗೆ ಸಲ್ಲಿಸಲಾಗಿದ್ದ ೩೫ ಪ್ರಯೋಗಗಳ ಅಂಕಗಳನ್ನು ಒಟ್ಟುಗೂಡಿಸಿ ೨೦೦೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಆ ಅಂತರ ಸರಾಸರಿ ೧.೮ ಅಂಕವೆಂದು ತೋರಿಸಿದರು. ರೋಗ ಅತ್ಯಂತ ತೀವ್ರವಾಗಿದ್ದವರಲ್ಲಿ ಹೊರತು ಔಷಧಿಗಳ ಪ್ರಯೋಜನ ಅತ್ಯಲ್ಪವೆಂಬ ತೀರ್ಮಾನ ಲೋಕದಲ್ಲೆಲ್ಲ ಹಬ್ಬಿತು.

ಆದರೆ ೨೦೧೬ರಲ್ಲಿ ಸ್ವೀಡನ್ನಿನ ಹೈರೋನಿಮಸ್ ಮತ್ತು ಅವರ ಸಹೋದ್ಯೋಗಿಗಳು ಇದೇ ವರ್ಗದ ಔಷಧಿಗಳ ೧೮ ಪ್ರಯೋಗಗಳ ಅಂಕಗಳನ್ನು ಬಾಬುವಾರಾಗಿ ಬಿಡಿಸಿ ನೋಡಿದರು. ಒಟ್ಟು ಮೊತ್ತವನ್ನು ಹಿಡಿದು ನೋಡಿದಾಗ ೩೨ ಹೋಲಿಕೆಗಳಲ್ಲಿ ೧೮ರಲ್ಲಿ ಔಷಧಿಗೂ ಹುಸಿಮದ್ದಿಗೂ ನಿಶ್ಚಿತವಾದ ಭೇದ ತೋರಲಿಲ್ಲ. ಕುಗ್ಗಿದ ಮನಸ್ಸೆಂಬ ಒಂದೇ ಬಾಬನ್ನು ಹಿಡಿದು ನೋಡಿದಾಗ ಹಾಗೆ ಭೇದ ತೋರದೆ ಹೋದ ಹೋಲಿಕೆಗಳು ಕೇವಲ ೩. ರೋಗಿಗಳು ಅವರೇ, ಔಷಧಿಗಳು ಅವೇ, ಸಂದರ್ಶನಗಳೂ ಅವೇ. ಕೂಡಿಸುವ ರೀತಿ ಬದಲಾಯಿತು, ತೀರ್ಪೂ ಬದಲಾಯಿತು.

ಇಲ್ಲಿಯೂ ಅವಸರ ಸಲ್ಲದು. ಫಲಿತಾಂಶ ಕೈಗೆ ಬಂದ ಮೇಲೆ ಅನುಕೂಲವಾದ ಬಾಬನ್ನು ಆಯ್ದುಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ದೊರೆತರೆ, ಪ್ರತಿಯೊಬ್ಬ ತಯಾರಕನೂ ತನ್ನ ಔಷಧಿಗೆ ಹೊಂದುವ ಬಾಬನ್ನು ಹುಡುಕಿಕೊಂಡಾನು. ಹೈರೋನಿಮಸ್ಸರ ಪರವಾಗಿ ಹೇಳಬಹುದಾದುದೆಂದರೆ, ಡೆನ್ಮಾರ್ಕಿನ ಪೆರ್ ಬೆಕ್ಕರು ೧೯೭೫ರಷ್ಟು ಹಿಂದೆಯೇ ಹ್ಯಾಮಿಲ್ಟನ್ನರ ೧೭ ಬಾಬುಗಳಲ್ಲಿ ಆರು ಮಾತ್ರ ತೀವ್ರತೆಯನ್ನು ಸರಿಯಾಗಿ ಸೂಚಿಸುತ್ತವೆಂದು ಪ್ರತಿಪಾದಿಸಿದ್ದರು. ಕುಗ್ಗಿದ ಮನಸ್ಸು ಅವುಗಳಲ್ಲೊಂದು. ಎರಡು ಪಕ್ಷಗಳಲ್ಲಿ ಯಾರು ಗೆದ್ದರೆಂದು ನಾವು ಹೇಳಹೊರಟಿಲ್ಲ. ೩ ಅಂಕ, ೧.೮ ಅಂಕ ಎಂಬ ಮಾತುಗಳು ಸೇರು, ಪಾವುಗಳ ಅಳತೆಯಂತೆ ಕೇಳಿಸುತ್ತವೆ. ಯಾವ ಬಾಬಿನ ಅಂಕಗಳೆಂದು ಹೇಳದ ಹೊರತು ಅವುಗಳಿಗೆ ಸ್ಥಿರವಾದ ಅರ್ಥವಿಲ್ಲವೆಂಬುದಷ್ಟೇ ನಮ್ಮ ಆಕ್ಷೇಪ.

೬

ಲೀಡ್ಸಿನ ಪಟ್ಟಿ ನಮ್ಮ ನಾಡಿಗೂ ಬಂದಿದೆ. ಆದ್ದರಿಂದ ಹೇಳಿದವನು ಪ್ರಶ್ನೆಯನ್ನು ಹೇಗೆ ಅರ್ಥಮಾಡಿಕೊಂಡನೆಂಬ ಮೂರನೆಯ ಪ್ರಶ್ನೆಗೆ ನಮ್ಮ ನುಡಿಯಿಂದಲೇ ಉದಾಹರಣೆಗಳು ಸಿಗುತ್ತವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ರಘುರಾಮ್ ಮತ್ತು ಅವರ ಸಹೋದ್ಯೋಗಿಗಳು ೮೦ ಮಂದಿ ಹೊರರೋಗಿಗಳನ್ನು ಕುರಿತು ನಡೆಸಿದ ಅಧ್ಯಯನ ೧೯೯೬ರಲ್ಲಿ ಪ್ರಕಟವಾಯಿತು. ಖಿನ್ನತೆಯ ಅಂಕ ಹೆಚ್ಚಿದಷ್ಟೂ ಸಾಮಾಜಿಕ ಕಳಂಕದ ಭಾವನೆ ಹೆಚ್ಚಾಗಿಯೂ, ದೈಹಿಕ ಲಕ್ಷಣಗಳು ಹೆಚ್ಚಿದಷ್ಟೂ ಆ ಭಾವನೆ ಕಡಮೆಯಾಗಿಯೂ ಇರುವುದನ್ನು ಅವರು ಕಂಡರು. ಮೈನೋವು, ತಲೆಭಾರ ಯಾರಿಗಾದರೂ ಬರುವಂಥವು. ಮನಸ್ಸು ಕೆಟ್ಟಿದೆಯೆಂದರೆ ಮದುವೆಯ ಮಾತುಕತೆಗೇ ಅಡ್ಡಿ. ಹೀಗಿರುವಲ್ಲಿ ರೋಗಿಯು ಯಾವುದನ್ನು ಮೊದಲು ಹೇಳಿಯಾನು, ಯಾವುದನ್ನು ನುಂಗಿಕೊಂಡಾನು ಎಂಬುದನ್ನು ಊಹಿಸುವುದು ಕಷ್ಟವಲ್ಲ. ಹೀಗೆ ಬರೆಯಲ್ಪಟ್ಟ ಅಂಕದಲ್ಲಿ ರೋಗದ ಪ್ರಮಾಣದೊಡನೆ ಲಜ್ಜೆಯ ಪ್ರಮಾಣವೂ ಬೆರೆತಿರುತ್ತದೆ.

ಮಾಪಕದ ತಪ್ಪಿತಸ್ಥ ಭಾವನೆಯ ಬಾಬನ್ನೇ ನೋಡಿ. ಈಗಿನ ಬೇನೆ ತನಗೆ ಬಂದ ಶಿಕ್ಷೆಯೆಂದು ರೋಗಿ ಭಾವಿಸಿದರೆ ೩ ಅಂಕ ಕೊಡಬೇಕು. ನಮ್ಮ ಹಳ್ಳಿಯ ಹೆಂಗಸೊಬ್ಬಳು ‘ನಾನು ಪಡೆದು ಬಂದದ್ದು, ಅನುಭವಿಸಬೇಕು’ ಎಂದರೆ ಎಷ್ಟು ಕೊಡಬೇಕು? ನೆಗಡಿ ಬಂದಾಗಲೂ ಮಳೆ ಕೈಕೊಟ್ಟಾಗಲೂ ಈ ಮಾತು ಬರುತ್ತದೆ. ಅಂಥ ಮಾತಿನಲ್ಲಿ ಪಾಪಭೀತಿಗಿಂತ ಸಮಾಧಾನವೇ ಹೆಚ್ಚಿರಬಹುದು. ಆದರೆ ಅದೇ ಮಾತನ್ನು ನಿಜವಾದ ಆತ್ಮನಿಂದೆಯಿಂದ ಆಡುವವರೂ ಉಂಟು. ಅಕ್ಷರಶಃ ತೆಗೆದುಕೊಂಡವನು ೩ ಬರೆದಾನು, ರೂಢಿಯ ಮಾತೆಂದು ಬಿಟ್ಟವನು ಸೊನ್ನೆ ಬರೆದಾನು. ರೋಗದ ಅರಿವೆಂಬ ಬಾಬಿನಲ್ಲಿ, ತನ್ನ ಬೇನೆಗೆ ಆಹಾರವೋ ಹವೆಯೋ ದುಡಿಮೆಯೋ ಕಾರಣವೆನ್ನುವವನಿಗೆ ಒಂದು ಅಂಕವುಂಟು. ಉಷ್ಣ, ವಾಯು, ಪಿತ್ತಗಳ ಭಾಷೆಯಲ್ಲಿಯೇ ದೇಹವನ್ನು ಅರಿಯುವ ನಮ್ಮ ಜನರಲ್ಲಿ ಈ ಅಂಕ ತಪ್ಪುವವರು ವಿರಳ. ಅನಾರೋಗ್ಯದಿಂದ ಕೆಲಸ ನಿಲ್ಲಿಸಿದವನಿಗೆ ಕೆಲಸದ ಬಾಬಿನಲ್ಲಿ ೪ ಅಂಕ. ಕೂಲಿ ತಪ್ಪಿದರೆ ಒಲೆ ಉರಿಯದ ಮನೆಯವನು ಕೆಲಸ ನಿಲ್ಲಿಸುವಂತಿಲ್ಲವಾಗಿ ಆ ಅಂಕ ಅವನಿಗೆ ದಕ್ಕುವುದಿಲ್ಲ. ಇನ್ನು ‘ಬೇಜಾರು’ ಎಂಬ ಶಬ್ದವಿದೆ. ಹೊತ್ತು ಹೋಗದಿದ್ದರೂ ಬೇಜಾರು, ಯಾರಾದರೂ ಬೈದರೂ ಬೇಜಾರು, ಬದುಕೇ ಬೇಡವೆನಿಸಿದರೂ ಬೇಜಾರು. ಇವುಗಳಲ್ಲಿ ಯಾವುದೆಂದು ತಿಳಿಯಲು ಎದುರಿಗೆ ಕುಳಿತು ಇನ್ನೊಂದು ಪ್ರಶ್ನೆ ಕೇಳುವವನು ಬೇಕು. ಪ್ರಶ್ನಿಸುವವನ ಕೌಶಲದ ಮೇಲೆ ಎಲ್ಲವೂ ನಿಂತಿದೆಯೆಂದು ಹ್ಯಾಮಿಲ್ಟನ್ನರು ಹೇಳಿದ್ದರ ಅರ್ಥ ಇದೇ.

ಪ್ರಶ್ನಿಸುವವನೇ ಇಲ್ಲದ ಪಟ್ಟಿಗಳು ಈಚೆಗೆ ಹೆಚ್ಚು ಪ್ರಚಾರದಲ್ಲಿವೆ. ೨೦೦೧ರಲ್ಲಿ ಪ್ರಕಟವಾದ ಒಂಬತ್ತು ಪ್ರಶ್ನೆಗಳ ಪಿ.ಎಚ್.ಕ್ಯೂ. ಎಂಬುದು ಇವುಗಳಲ್ಲಿ ಪ್ರಸಿದ್ಧ. ಗರಿಷ್ಠ ೨೭ ಅಂಕಗಳಲ್ಲಿ ೧೦ ಅಥವಾ ಹೆಚ್ಚು ಬಂದವರನ್ನು ಮುಂದಿನ ಪರೀಕ್ಷೆಗೆ ಕಳುಹಿಸುವುದು ವಾಡಿಕೆ. ಆ ಉದ್ದೇಶಕ್ಕೆ ಅದು ಉಪಯುಕ್ತವೇ. ಆದರೆ ಮುಂದಿನ ಪರೀಕ್ಷೆ ನಡೆಯದೆ ಆ ೧೦ ಅಂಕವೇ ನಿದಾನವಾಗಿಬಿಟ್ಟರೆ, ರೋಗವಿದೆಯೆಂದು ತಿಳಿದ ಮೇಲೆ ಅಳೆಯಬೇಕೆಂಬ ಮೂಲದ ಕ್ರಮ ತಲೆಕೆಳಗಾದಂತಾಯಿತು.

೭

ನಮ್ಮ ಈ ವಿಮರ್ಶೆಗೆ ಒಂದು ಪೂರ್ವಪಕ್ಷವುಂಟು. ಮಾಪಕವನ್ನು ಇಷ್ಟು ಸಂಶಯಿಸಿದರೆ ಉಳಿಯುವುದೇನು? ಮನೋವೈದ್ಯರು ವಿರಳರಾಗಿರುವ ನಮ್ಮಂಥ ದೇಶದಲ್ಲಿ ಪ್ರತಿಯೊಬ್ಬ ರೋಗಿಯೊಡನೆ ತಾಸುಗಟ್ಟಲೆ ಮಾತನಾಡುವವರು ಯಾರು? ಅಂಕಗಳಿಲ್ಲದಿದ್ದರೆ ನಿಷ್ಪ್ರಯೋಜಕವಾದ ಔಷಧಿಯನ್ನು ಗುರುತಿಸುವುದು ಹೇಗೆ? ಈ ಆಕ್ಷೇಪಗಳಲ್ಲಿ ಸತ್ಯವಿದೆ. ಚಿಪ್ರಿಯಾನಿ ಮತ್ತು ಸಂಗಡಿಗರು ೫೨೨ ಪ್ರಯೋಗಗಳನ್ನು ಒಟ್ಟುಗೂಡಿಸಿ ೨೦೧೮ರಲ್ಲಿ ಪ್ರಕಟಿಸಿದ ಅಧ್ಯಯನವು, ತಾನು ಪರಿಶೀಲಿಸಿದ ೨೧ ಔಷಧಿಗಳೂ ಹುಸಿಮದ್ದಿಗಿಂತ ಮೇಲೆಂದು ತೋರಿಸಿದ್ದು ಇಂಥ ಮಾಪಕಗಳ ನೆರವಿನಿಂದಲೇ. ಕೂನರ ಆಸ್ಪತ್ರೆಯ ಕಾಲಕ್ಕೆ ಹಿಂತಿರುಗಬೇಕೆಂದು ನಾವು ಹೇಳುತ್ತಿಲ್ಲ.

ದೋಷಯುಕ್ತವೆಂದು ತಿಳಿದ ಆಕರವನ್ನು ಚರಿತ್ರಕಾರನು ಎಸೆದುಬಿಡುವುದಿಲ್ಲ. ಅದರ ದೋಷವನ್ನು ಅರಿತು ಉಪಯೋಗಿಸುತ್ತಾನೆ. ಖಿನ್ನತೆಯ ಅಂಕವನ್ನು ಬಳಸುವವರಿಂದಲೂ ಅಷ್ಟನ್ನು ಕೇಳಬಹುದು. ಮಾಪಕದ ಯಾವ ರೂಪವೆಂದು ಹೇಳಲಿ. ಕೇಳಿದವರು ಎಂಥ ತರಬೇತಿ ಪಡೆದವರು, ಯಾವ ಭಾಷೆಯಲ್ಲಿ ಕೇಳಿದರು ಎಂಬುದನ್ನು ನಮೂದಿಸಲಿ. ಮೊತ್ತದೊಡನೆ ಬಾಬುವಾರು ಅಂಕಗಳನ್ನೂ, ವಿಶೇಷವಾಗಿ ಆತ್ಮಹತ್ಯೆಯ ಬಾಬನ್ನು, ಪ್ರತ್ಯೇಕವಾಗಿ ಕೊಡಲಿ. ಯಾವ ಬಾಬನ್ನು ಹಿಡಿದು ಔಷಧಿಯನ್ನು ತೂಗುವೆವೆಂಬುದನ್ನು ಪ್ರಯೋಗಕ್ಕೆ ಮೊದಲೇ ಪ್ರಕಟಿಸಲಿ. ಕೊನೆಯದಾಗಿ, ರೋಗಿಯು ತನ್ನ ಬೇನೆಯನ್ನು ಯಾವ ಮಾತಿನಲ್ಲಿ ಹೇಳಿದನೋ ಆ ಮಾತನ್ನು ಒಂದೆರಡು ಸಾಲಿನಲ್ಲಾದರೂ ಅಂಕದ ಪಕ್ಕದಲ್ಲಿ ಬರೆದಿಡಲಿ.

ಈ ಕೊನೆಯ ಸೂಚನೆ ವೈದ್ಯರಿಗೆ ಹೊ‌ರೆಯೆನಿಸಬಹುದು. ಆದರೆ ಮುಂದಿನ ಕಾಲದಲ್ಲಿ ಯಾರಾದರೂ ನಮ್ಮ ಆಸ್ಪತ್ರೆಗಳ ಕಡತಗಳನ್ನು ತೆರೆದಾಗ ಅವರಿಗೆ ಬರಿಯ ೧೪ ಎಂಬ ಅಂಕಿ ಸಿಕ್ಕಿದರೆ, ಅದು ಯಾರ ದುಃಖ, ಎಂಥ ದುಃಖ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಅದಕ್ಕೂ ಮೊದಲು, ನಾಳೆ ಬೆಳಿಗ್ಗೆ ಪಾಳಿಗೆ ಬರುವ ಇನ್ನೊಬ್ಬ ವೈದ್ಯನಿಗೂ ಆ ದಾರಿ ಇರುವುದಿಲ್ಲ. ಒಂದೇ ಅಂಕ ಪಡೆದ ಇಬ್ಬರಲ್ಲಿ ರಾತ್ರಿಯೆಲ್ಲ ಕಾವಲು ಬೇಕಾದವನು ಯಾರೆಂಬುದನ್ನು ಅವನಿಗೆ ತಿಳಿಸಬಲ್ಲುದು ಪಕ್ಕದಲ್ಲಿ ಬರೆದಿಟ್ಟ ಆ ಒಂದೆರಡು ಸಾಲು.